ಹರಳು, ಲೇಸರ್ ಮತ್ತು ಷೇರು

ಕೊಳ್ಳೇಗಾಲ, ಹನೂರು, ಯಳಂದೂರಿನ ಕಡೆ ಈಗ ಪಿಯುಸಿ ಹುಡುಗರ ಬಾಯಲ್ಲೂ ಷೇರಿನ ಮಾತು. ‘ಸಾರ್, ಲೇಸರ್ ಮಾಡುವ ಕಂಪನಿಯ ಷೇರು ಕೊಂಡರೆ ಹೇಗೆ?’ ಎನ್ನುತ್ತಾರೆ. ಹೌದು, ಅಲ್ಲ ಎಂದು ಮುಗಿಸುವ ಪ್ರಶ್ನೆಯಲ್ಲ ಇದು. ಕಂಪನಿ ಏನು ಮಾಡುತ್ತದೆ, ಯಾರಿಗೆ ಮಾರುತ್ತದೆ ಎಂದು ಮೊದಲು ನೋಡಬೇಕು.

1960ರಲ್ಲಿ ಅಮೆರಿಕದ ಮೈಮನ್ ಮೊದಲ ಲೇಸರ್ ಬೆಳಗಿಸಿದ್ದು ಕೃತಕ ಮಾಣಿಕ್ಯದ ಹರಳಿನಿಂದ. ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್ 1964ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಕಾರ್ಬನ್ ಡೈಆಕ್ಸೈಡ್ ಲೇಸರ್ ರೂಪಿಸಿದರು. ಅದರ ಅವಕೆಂಪು ಕಿರಣ ಕಿಟಕಿಯ ಗಾಜಿನಲ್ಲಿ ಹಾಯದು. ಜಿಂಕ್ ಸೆಲೆನೈಡ್‌ನ ಮಸೂರ ಬೇಕು. ಹಳೆಯ ಆವರ್ತ ಕೋಷ್ಟಕದಲ್ಲಿ ಸತು ಎರಡನೆಯ ಗುಂಪು, ಸೆಲೆನಿಯಂ ಆರನೆಯದು. ಇಂಥ ವಸ್ತುಗಳಿಗಾಗಿ 1971ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದ ಕಂಪನಿಗೆ ‘ಟು-ಸಿಕ್ಸ್’ ಎಂದೇ ಹೆಸರು! 2022ರಲ್ಲಿ ಅದು ಭಾರಿ ಸಾಲ ಮಾಡಿ ಕೊಹೆರೆಂಟ್ ಎಂಬ ಲೇಸರ್ ಕಂಪನಿಯನ್ನು ಕೊಂಡು, ಅದರ ಹೆಸರನ್ನೇ ಇಟ್ಟುಕೊಂಡಿತು. ಹರಳು ಎಷ್ಟೇ ಶುದ್ಧವಿರಲಿ, ಷೇರುದಾರ ಸಾಲದ ಬಡ್ಡಿಯನ್ನೂ ಲೆಕ್ಕ ಹಾಕಬೇಕಾಯಿತು.

ನಮ್ಮ ರಾಜ್ಯದಲ್ಲಿ ಇದಕ್ಕೆ ಹತ್ತಿರದ ಕಂಪನಿಯೆಂದರೆ 1954ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ಬಿಇಎಲ್. ರೇಡಾರ್, ಸಂಪರ್ಕ ಸಾಧನಗಳೇ ಅದರ ಮುಖ್ಯ ಕೆಲಸ. ಜೊತೆಗೆ ಸೇನೆಗೆ ಲೇಸರ್ ದೂರಮಾಪಕಗಳನ್ನೂ ಮಾಡುತ್ತದೆ. 3 ಕಿಲೋಮೀಟರ್ ಆಚೆಯ ಗುರಿಗೆ ಬಡಿದ ಬೆಳಕು ಮರಳಲು ಸೆಕೆಂಡಿನ 10 ಲಕ್ಷದಲ್ಲಿ 20 ಭಾಗ ಸಾಕು. ಮಕ್ಕಳೇ, ಈ ಲೆಕ್ಕವನ್ನು ನೀವೇ ಮಾಡಿ ನೋಡಿ.

ಇನ್ನೊಂದು ಲೆಕ್ಕ ಪೋಷಕರಿಗೆ. ಬಿಇಎಲ್ 2015ರಲ್ಲಿ ಒಂದು ಷೇರಿಗೆ ಎರಡು ಬೋನಸ್ ಕೊಟ್ಟಿತು. 1 ಇದ್ದದ್ದು 3 ಆಯಿತು. 2017ರಲ್ಲಿ 10 ರೂಪಾಯಿ ಮುಖಬೆಲೆಯ ಷೇರನ್ನು 1 ರೂಪಾಯಿಯದಾಗಿ ಒಡೆದಾಗ 30. ಅದೇ ವರ್ಷ ಹತ್ತಕ್ಕೆ ಒಂದರಂತೆ ಬೋನಸ್ ಸೇರಿ 33. 2022ರಲ್ಲಿ ಮತ್ತೆ ಒಂದಕ್ಕೆ ಎರಡು, ಒಟ್ಟು 99. ಒಂದು ತೊಂಬತ್ತೊಂಬತ್ತಾಯಿತು ಎಂದು ಹಿಗ್ಗುವವರಿದ್ದಾರೆ. ಮುದ್ದೆಯನ್ನು ಎಷ್ಟು ತುತ್ತು ಮಾಡಿದರೂ ಮುದ್ದೆ ಅಷ್ಟೇ ತಾನೇ? ಮುದ್ದೆಯೇ ದೊಡ್ಡದಾಗಿದೆಯೇ ಎಂಬುದು ಗೊತ್ತಾಗುವುದು ಲಾಭದ ಪಟ್ಟಿಯಲ್ಲಿ.

ಬಿಇಎಲ್‌ನ ಅರ್ಧಕ್ಕಿಂತ ಹೆಚ್ಚು ಷೇರು ಸರ್ಕಾರದ್ದು. ದೊಡ್ಡ ಗಿರಾಕಿ ರಕ್ಷಣಾ ಇಲಾಖೆ. ಒಂದೇ ಅಂಗಡಿಗೆ ಸೀರೆ ಕೊಡುವ ಕೊಳ್ಳೇಗಾಲದ ನೇಕಾರನಿಗೆ ಇದರ ಅನುಕೂಲವೂ ಗೊತ್ತು, ಅಪಾಯವೂ ಗೊತ್ತು: ಆರ್ಡರ್ ಗಟ್ಟಿ, ಆದರೆ ಅದು ತಡವಾದರೆ ಮಗ್ಗ ಸುಮ್ಮನೆ ನಿಲ್ಲುತ್ತದೆ. ಮುಂದಿನ ಜೂನ್‌ನಲ್ಲಿ ಕಾಲೇಜಿಗೆ ಕಟ್ಟಬೇಕಾದ ಹಣವನ್ನು ಇಂಥ ಕಡೆ ಹಾಕುವುದು ನನಗಂತೂ ಒಪ್ಪಿಗೆಯಿಲ್ಲ. ವರ್ಷಗಟ್ಟಲೆ ಕಾಯಬಲ್ಲ ಹಣವಾದರೆ ಕಂಪನಿಯ ವಾರ್ಷಿಕ ವರದಿ ತೆಗೆಸಿ, ಕೈಯಲ್ಲಿರುವ ಆರ್ಡರ್ ಎಷ್ಟು, ಬರಬೇಕಾದ ಬಾಕಿ ಎಷ್ಟು ಎಂದು ಮಗನಿಂದಲೋ ಮಗಳಿಂದಲೋ ಓದಿಸಿ.