ಸುಟ್ಟ ಸುರುಳಿಯಲ್ಲಿ ಉಳಿದ ಅಪು

1993ರ ಜುಲೈ. ದಕ್ಷಿಣ ಲಂಡನ್ನಿನ ಫಿಲ್ಮ್ ಲ್ಯಾಬ್ ಒಂದಕ್ಕೆ ಬೆಂಕಿ ಬಿತ್ತು. ಸತ್ಯಜಿತ್ ರಾಯ್ ತೀರಿಕೊಂಡು ಆಗಿನ್ನೂ ಒಂದು ವರ್ಷ ಕಳೆದಿತ್ತಷ್ಟೇ. ಅಪು ಎಂಬ ಹುಡುಗನ ಕಥೆ ಹೇಳುವ ಅವರ ‘ಪಥೇರ್ ಪಾಂಚಾಲಿ’, ‘ಅಪರಾಜಿತೊ’, ‘ಅಪೂರ್ ಸಂಸಾರ್’ ಚಿತ್ರಗಳ ಮೂಲ ನೆಗೆಟಿವ್‌ಗಳು ಅಲ್ಲೇ ಇದ್ದವು.

ಬೆಂಕಿ ಆರಿದ ಮೇಲೆ ಡಬ್ಬಿಗಳಲ್ಲಿ ಸಿಕ್ಕಿದ್ದು ಅಂಚು ಕರಗಿದ, ಒಣಗಿ ಸೆಟೆದ ಸುರುಳಿಗಳು. ಅವುಗಳಿಂದ ಪ್ರಿಂಟ್ ತೆಗೆಯುವ ದಾರಿ ಆಗ ಯಾರಿಗೂ ಗೊತ್ತಿರಲಿಲ್ಲ. ಆದರೂ 1992ರಲ್ಲಿ ರಾಯ್ ಅವರಿಗೆ ಗೌರವ ಆಸ್ಕರ್ ಕೊಟ್ಟಿದ್ದ ಅಕಾಡೆಮಿಯ ಫಿಲ್ಮ್ ಸಂಗ್ರಹಾಲಯ ಆ ಸುಟ್ಟ ಚೂರುಗಳನ್ನೂ ಬಿಡದೆ ಒಯ್ದು ಜೋಪಾನವಾಗಿಟ್ಟಿತು. ಇಪ್ಪತ್ತು ವರ್ಷ ಅವು ಕಪಾಟಿನಲ್ಲೇ ಕಾದವು. ಇಡೀ ಕಥೆಯಲ್ಲಿ ಎಲ್ಲಕ್ಕಿಂತ ದೊಡ್ಡ ಕೆಲಸ ಇದೇ: ಕಸದಂತೆ ಕಂಡದ್ದನ್ನು ಎಸೆಯದೇ ಇದ್ದದ್ದು.

2013ರಲ್ಲಿ ಹಳೆಯ ಚಿತ್ರಗಳನ್ನು ಹೊರತರುವ ಕ್ರೈಟೀರಿಯನ್ ಸಂಸ್ಥೆ ಆ ಡಬ್ಬಿಗಳನ್ನು ತೆರೆಸಿತು. ಸುರುಳಿಗಳು ಇಟಲಿಯ ಬೊಲೋನ್ಯಾದ ‘ಲಿಮ್ಮಾಜಿನೆ ರಿತ್ರೊವಾತಾ’ ಲ್ಯಾಬಿಗೆ ಹೋದವು. ಒಣಗಿ ಗರಿಗರಿಯಾಗಿದ್ದ ಫಿಲ್ಮಿಗೆ ಅಲ್ಲಿಯವರು ಮೊದಲು ತೇವ ಹಿಡಿಸಿ ಮೆದುಮಾಡಿದರು. ಕರಗಿ ಮೆತ್ತಿದ್ದ ಟೇಪು, ಮೇಣ, ಅಂಟುಗಳನ್ನು ಬಿಡಿಸಿದರು. ಹರಿದ ಅಂಚಿನ ತೂತುಗಳನ್ನು ಕೈಯಿಂದಲೇ ಹೊಸದಾಗಿ ಕಟ್ಟಿದರು. ತೂತು ಸರಿಯಿಲ್ಲದಿದ್ದರೆ ಫಿಲ್ಮು ಯಂತ್ರದಲ್ಲಿ ಓಡುವುದೇ ಇಲ್ಲ. ಈ ಕೈಕೆಲಸಕ್ಕೇ ಸುಮಾರು ಸಾವಿರ ಗಂಟೆ ಹಿಡಿಯಿತು!

‘ಪಥೇರ್ ಪಾಂಚಾಲಿ’ಯ ಶೇಕಡಾ 40ರಷ್ಟು, ‘ಅಪರಾಜಿತೊ’ದ ಶೇಕಡಾ 60ಕ್ಕೂ ಹೆಚ್ಚು ಭಾಗ ಮೂಲ ನೆಗೆಟಿವ್‌ನಿಂದಲೇ ಮರಳಿ ಬಂತು. ‘ಅಪೂರ್ ಸಂಸಾರ್’ನದು ಬಳಸುವ ಸ್ಥಿತಿಯಲ್ಲೇ ಇರಲಿಲ್ಲ. ಅದಕ್ಕೂ ಉಳಿದ ಎರಡರ ಖಾಲಿ ಜಾಗಗಳಿಗೂ ಬೇರೆ ಸಂಗ್ರಹಾಲಯಗಳಲ್ಲಿದ್ದ ಪ್ರತಿಗಳು ನೆರವಾದವು. 2015ರ ಮೇ ತಿಂಗಳಲ್ಲಿ ನ್ಯೂಯಾರ್ಕ್‌ನ ತೆರೆಯ ಮೇಲೆ ಅಪು, ಅವನ ಅಕ್ಕ ದುರ್ಗಾ ಕಾಶದ ಹೂಗಳ ನಡುವೆ ಮತ್ತೆ ಓಡಿದರು.

ಅದೇ ಲ್ಯಾಬಿನಲ್ಲಿ ಕನ್ನಡದ ಚಿತ್ರವೂ ಒಂದು ಹೊಸ ಜೀವ ಪಡೆದಿದೆ. ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ದ ಮೂಲ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದಿತ್ತು. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸೆ ಅವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಕೈಜೋಡಿಸಿದವು. 2024ರ ವೆನಿಸ್ ಚಿತ್ರೋತ್ಸವದಲ್ಲಿ ಅದರ ಪಾತ್ರಗಳಾದ ಯಮುನಕ್ಕ, ನಾಣಿ ಕಪ್ಪುಬಿಳುಪಿನ ಪೂರ್ಣ ಕಾಂತಿಯಲ್ಲಿ ಕಾಣಿಸಿಕೊಂಡರು. ನಿರ್ಮಾಪಕ ಸದಾನಂದ ಸುವರ್ಣ ಆ ವರ್ಷದ ಜುಲೈನಲ್ಲೇ ತೀರಿಕೊಂಡಿದ್ದರು. ಆ ಪ್ರದರ್ಶನ ಅವರಿಗೆ ದಕ್ಕಲಿಲ್ಲ ಎಂಬುದು ಸಂಕಟದ ಮಾತು.

ಇನ್ನು ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’. ಕೊಲ್ಹಾಪುರದಲ್ಲಿ ಚಿತ್ರೀಕರಣಗೊಂಡು 1934ರ ಮಾರ್ಚ್ 3ರಂದು ತೆರೆಕಂಡದ್ದು. ಎಂ.ವಿ. ಸುಬ್ಬಯ್ಯನಾಯ್ಡು, ತ್ರಿಪುರಾಂಬ ಅವರ ದನಿಯನ್ನು ಹಿಡಿದಿಟ್ಟ ಆ ಚಿತ್ರದ ಒಂದು ಪ್ರಿಂಟೂ ಉಳಿದಿಲ್ಲ. ಬೊಲೋನ್ಯಾಕ್ಕೆ ಕಳಿಸೋಣವೆಂದರೆ ಸುಟ್ಟ ಚೂರೂ ಇಲ್ಲ.