ತಲೆಯಿಲ್ಲದ ಚೂರಿನ ನಡಿಗೆ

ಹೊಸಪೇಟೆಯಲ್ಲಿ ಡ್ಯಾಮಿನ ಮೀನು ಕೊಂಡರೆ ಮಾರುವವರು ಮೊದಲು ಹುರುಪೆ ಕೆರೆದು ಕೊಡುತ್ತಾರೆ. ಕಾಲಡಿ ಬೀಳುವ ಈ ಹುರುಪೆ ಕೋಶವಿಜ್ಞಾನಿಗಳಿಗೆ ಬಲು ಇಷ್ಟ. ಜೀವಂತ ಮೀನಿನಿಂದ ಕಿತ್ತ ಒಂದು ಹುರುಪೆಯನ್ನು ಪೋಷಕ ದ್ರವದಲ್ಲಿ, ಗಾಜಿನ ಮೇಲೆ ಇಟ್ಟರೆ ಅದಕ್ಕಂಟಿದ ಚರ್ಮದ ಕೋಶಗಳು ಗಾಜಿಗಿಳಿದು ತೆವಳತೊಡಗುತ್ತವೆ. ಇವು ಕೆರಾಟೋಸೈಟ್‌ಗಳು, ಮೀನಿನ ಗಾಯ ಮುಚ್ಚುವುದು ಇವುಗಳ ಕೆಲಸ. ನಿಮಿಷಕ್ಕೆ 10–20 ಮೈಕ್ರೋಮೀಟರ್ ವೇಗ, ಅಂದರೆ ಒಂದು ಮಿಲಿಮೀಟರ್ ದಾಟಲು ಗಂಟೆ ಹೊತ್ತು. ಕೋಶಗಳ ಮಟ್ಟಿಗೆ ಇದು ಓಟವೇ ಸರಿ.

ಕೋಶದ ಮುಂದಿನ ತೆಳು ಅಂಚಿನಲ್ಲಿ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು ಜಾಲ ಕಟ್ಟಿಕೊಂಡಿರುತ್ತವೆ. ಶಾಖದಿಂದಾಗಿ ಕೋಶದ ಪೊರೆ ಸದಾ ಅದುರುತ್ತಿರುತ್ತದೆ. ಅದು ತುಸು ಆಚೆ ಸರಿದು ಸಂದು ಬಿಟ್ಟಾಗ ಎಳೆಯ ತುದಿಗೆ ಇನ್ನೊಂದು ಆಕ್ಟಿನ್ ಅಣು ಬಂದು ಕೂರುತ್ತದೆ. ಪೊರೆಗೆ ಹಿಂದಕ್ಕೆ ಬರಲು ಜಾಗವೇ ಇಲ್ಲ! ಒಂದು ಅಣುವಿಗೆ ಎಳೆ ಉದ್ದವಾಗುವುದು 2.7 ನ್ಯಾನೋಮೀಟರ್ ಮಾತ್ರ. ನಿಮಿಷಕ್ಕೆ 16 ಮೈಕ್ರೋಮೀಟರ್ ಸಾಗಬೇಕಾದರೆ ಒಂದೊಂದು ಎಳೆಗೂ ಸೆಕೆಂಡಿಗೆ ನೂರರಷ್ಟು ಅಣು ಸೇರಬೇಕು. ಹಿಂಬದಿಯಲ್ಲಿ ಮಯೋಸಿನ್ ಎಂಬ ಇನ್ನೊಂದು ಪ್ರೋಟೀನು ಈ ಜಾಲವನ್ನು ಹಿಂಡುತ್ತದೆ, ಎಳೆ ಬಿಚ್ಚಿಕೊಳ್ಳುತ್ತದೆ, ಅಣುಗಳು ಮತ್ತೆ ಮುಂದಿನ ಕೆಲಸಕ್ಕೆ.

ಇದನ್ನೆಲ್ಲ ಮೇಲೆ ಕೂತು ನಡೆಸುವವರು ಯಾರು? ಯಾರೂ ಇಲ್ಲ. ನ್ಯೂಕ್ಲಿಯಸ್ ಇಲ್ಲದ ಕೋಶದ ಚೂರುಗಳೂ ತಾವಾಗಿ ನಡೆಯುತ್ತವೆಂದು 1984ರಲ್ಲೇ ಯೂಟೆನಾಯರ್ ಮತ್ತು ಶ್ಲಿವಾ ತೋರಿಸಿದ್ದರು. 1999ರಲ್ಲಿ ವೆರ್ಖೋವ್‌ಸ್ಕಿ, ಸ್ವಿಟ್ಕಿನಾ, ಬೋರಿಸಿ ಮಾಡಿದ ಪ್ರಯೋಗ ನನಗೆ ಅದಕ್ಕಿಂತ ಚೆಂದ. ಅವರ ಕೆಲವು ಚೂರುಗಳು ನಿಂತಲ್ಲೇ ನಿಂತಿದ್ದವು. ಹಂಪಿಯ ಹರಿಗೋಲಿನ ಹಾಗೆ ದುಂಡಗೆ, ಮುಂದು ಹಿಂದು ಇಲ್ಲದೆ. ಸಣ್ಣ ನಳಿಕೆಯಿಂದ ಒಂದು ಬದಿಗೆ ದ್ರವ ಚಿಮ್ಮಿಸಿದರು. ಆ ಬದಿ ಒಳಸರಿದು ಚೂರು ಅರ್ಧಚಂದ್ರವಾಯಿತು, ನಡೆಯಿತು. ಚಿಮ್ಮಿಸುವುದು ನಿಂತರೂ ನಡಿಗೆ ನಿಲ್ಲಲಿಲ್ಲ. ಹುಟ್ಟು ಹಾಕುವುದು ಬಿಟ್ಟರೆ ಹರಿಗೋಲು ನೀರಿನ ಪಾಲು. ಈ ಚೂರು ಹಾಗಲ್ಲ. ಚಲಿಸುವಾಗ ಮಯೋಸಿನ್ ಹಿಂದಕ್ಕೆ ಜಮೆಯಾಗುತ್ತದೆ, ಜಮೆಯಾದಲ್ಲಿ ಹಿಂಡುತ್ತದೆ, ಹಿಂಡಿದ್ದರಿಂದ ಚಲನೆ ಮುಂದುವರಿಯುತ್ತದೆ.

ಹೀಗೆ ಕಣಕಣವೂ ಶಕ್ತಿ ಖರ್ಚು ಮಾಡುತ್ತ ತಾನೇ ಚಲಿಸುವ ವಸ್ತುವಿಗೆ ಬೇರೆಯದೇ ಗಣಿತ ಬೇಕು. ಅದಕ್ಕೆ ಬುನಾದಿ ಹಾಕಿದವರಲ್ಲಿ ಬೆಂಗಳೂರಿನ ಭೌತವಿಜ್ಞಾನಿಗಳೂ ಇದ್ದಾರೆ: ಹತ್ವಳ್ನೆ, ಶ್ರೀರಾಮ್ ರಾಮಸ್ವಾಮಿ, ಮದನ್ ರಾವ್, ಅದಿತಿ ಸಿಂಹ ಸೇರಿ ಬರೆದ 2004ರ ಪ್ರಬಂಧ ಈ ಕ್ಷೇತ್ರದಲ್ಲಿ ಇಂದಿಗೂ ಉಲ್ಲೇಖವಾಗುತ್ತದೆ.

ಇಂಥ ಚೂರುಗಳು ನಮ್ಮ ಮೈಯಲ್ಲೂ ಇವೆ. ಡೆಂಗಿ ಬಂತೆಂದರೆ ಸಂಡೂರಿನಿಂದ ಕಂಪ್ಲಿವರೆಗೆ ಒಂದೇ ವಿಚಾರಣೆ: “ಪ್ಲೇಟ್‌ಲೆಟ್ ಎಷ್ಟದಾವ್ರಿ?” ಆರೋಗ್ಯವಂತರಲ್ಲಿ ಮೈಕ್ರೋಲೀಟರ್ ರಕ್ತಕ್ಕೆ ಒಂದೂವರೆಯಿಂದ ನಾಲ್ಕೂವರೆ ಲಕ್ಷ. ಅವು ಎಲುಬಿನ ಮಜ್ಜೆಯ ದೈತ್ಯ ಕೋಶಗಳಿಂದ ಉದುರಿದ, ನ್ಯೂಕ್ಲಿಯಸ್ ಇಲ್ಲದ ತುಣುಕುಗಳು. ಗಾಯಕ್ಕೆ ಅಂಟಿ ಕೂರುವುದಷ್ಟೇ ಅವುಗಳ ಕೆಲಸವೆಂದು ಬಹುಕಾಲ ನಂಬಲಾಗಿತ್ತು. 2017ರಲ್ಲಿ ಮ್ಯೂನಿಕ್‌ನ ಸಂಶೋಧಕರು ನೋಡಿದಾಗ ಅವೂ ಇದೇ ಆಕ್ಟಿನ್–ಮಯೋಸಿನ್ ಬಲದಿಂದ ತೆವಳುತ್ತ, ದಾರಿಯ ಬ್ಯಾಕ್ಟೀರಿಯಾಗಳನ್ನು ಗುಡಿಸಿ ಗಂಟು ಕಟ್ಟುತ್ತಿದ್ದವು.