ಬಾಡಿಗೆ ಮನೆಯ ಬರಿಗೋಡೆಗೆ ಕೈಯಾರೆ ಕಟ್ಟು

ಬಾಡಿಗೆ ಮನೆಗೆ ಹೋದ ದಿನ ಕೀಲಿಕೈಯ ಜೊತೆಗೇ ನಮ್ಮ ಕೈಗೆ ಬರುವ ಮಾತು ಯಾವುದು ಹೇಳಿ? “ತಂಗೀ, ಹೋದ ತಿಂಗಳಷ್ಟ ಬಣ್ಣ ಹೊಡಿಸೇವಿ. ಗ್ವಾಡಿಗೆ ಒಂದು ಮೊಳಿನೂ ಬಡೀಬ್ಯಾಡ ನೋಡವ್ವಾ.” ನಮ್ಮ ಪಾಳಾದಲ್ಲಾಗಲಿ, ಮುಂಡಗೋಡದಲ್ಲಾಗಲಿ, ಹಳಿಯಾಳ ದಾಂಡೇಲಿಯಲ್ಲಾಗಲಿ ಈ ಮಾತು ಒಂದೇ. ಮನೆ ಕಟ್ಟಿಸಿದವರಿಗೆ ತಮ್ಮ ಗೋಡೆಯ ಮೇಲೆ ಮಮತೆ ಇರುವುದು ಸಹಜ, ಅವರನ್ನು ದೂರುವಂತಿಲ್ಲ. ಆದರೆ ಬೆಳಗಿನಿಂದ ರಾತ್ರಿಯವರೆಗೆ ಆ ಗೋಡೆಯ ಮುಖ ನೋಡುವವರು ನಾವು. ಮೂರು ನಾಲ್ಕು ವರ್ಷ ಛತ್ರದಲ್ಲಿ ಇಳಿದುಕೊಂಡವರ ಹಾಗೆ ಇರಲಿಕ್ಕಾಗ್ತದೆಯೇ? ಮಕ್ಕಳ ಫೋಟೋ, ಅಜ್ಜಿಯ ಕಸೂತಿ ಎಲ್ಲ ಟ್ರಂಕಿನ ತಳದಲ್ಲೇ ಉಳಿದರೆ ಮನೆ ಮನೆಯೆನಿಸುವುದಿಲ್ಲ.

ಹಿಂದಿನ ಮನೆಗಳನ್ನು ನೆನಪು ಮಾಡಿಕೊಳ್ಳಿ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ತೆಗೆದ ಮೇಲೆ ಲಕ್ಷ್ಮಿ ಸರಸ್ವತಿಯರು ಬಡವರ ಗೋಡೆಗೂ ಬಂದರು. ಅವುಗಳ ಪಕ್ಕದಲ್ಲೇ ಮನೆಯ ಹೆಣ್ಣುಮಕ್ಕಳು ಗಾಜಿನ ಮಣಿ ಪೋಣಿಸಿ ಮಾಡಿದ ಗಿಳಿ, ಜಿಂಕೆ, ‘ಸುಸ್ವಾಗತ’. ಅವಕ್ಕೆಲ್ಲ ಪೇಟೆಯಲ್ಲಿ ‘ಕಟ್ಟು ಹಾಕಿಸಿ’ ತರುತ್ತಿದ್ದರು. ಆ ಕಟ್ಟನ್ನೇ ನಾವೀಗ ಮನೆಯಲ್ಲಿ, ಹಗುರವಾಗಿ, ಮೊಳೆಯ ಹಂಗಿಲ್ಲದೆ ಮಾಡಿಕೊಳ್ಳೋಣ.

ಮೊದಲು ತೂಗುಹಾಕುವ ಬಗೆ. ಹಂಚಿನ ಮನೆಯಾದರೆ ನಿಮ್ಮ ಅದೃಷ್ಟ, ತೊಲೆ ಇದ್ದೇ ಇರ್ತದೆ. ಎರಡು ಗಟ್ಟಿ ದಾರ ಇಳಿಬಿಟ್ಟು, ಮೂರು ಅಡಿಯ ಒಂದು ಬಿದಿರು ಕೋಲನ್ನು ಗೋಡೆಗೆ ಒರಗಿದ ಹಾಗೆ ಅಡ್ಡ ಕಟ್ಟಿ. ಎಲ್ಲ ಕಟ್ಟುಗಳನ್ನೂ ಆ ಕೋಲಿಗೇ ತೂಗುಹಾಕಬಹುದು. ಸ್ಲ್ಯಾಬ್ ಮನೆಯಾದರೆ ಪರದೆಯ ಸರಳು, ಅಟ್ಟದ ಅಂಚು, ಹಿಂದಿನವರು ಬಿಟ್ಟುಹೋದ ಹಳೇ ಮೊಳೆ ಹುಡುಕಿ. ಈಗ ಅಂಟಿಸುವ ಕೊಕ್ಕೆಗಳು ಸಿಗುತ್ತವಲ್ಲ, ಅವು ಆಯಿಲ್ ಪೇಂಟ್ ಗೋಡೆಗೆ, ಟೈಲ್ಸಿಗೆ ಚೆನ್ನಾಗಿ ಹಿಡಿಯುತ್ತವೆ. ಸುಣ್ಣದ ಗೋಡೆಗೆ ಹಿಡಿಯುವುದಿಲ್ಲ, ಸುಣ್ಣದ ಹಕ್ಕಳೆ ಸಮೇತ ಕೆಳಗೆ ಬೀಳುತ್ತವೆ.

ಬಿದಿರನ್ನು ಕಾಡಿನಿಂದ ಕಡಿದು ತರಬೇಡಿ. ಬುಟ್ಟಿ, ಮೊರ ಹೆಣೆಯುವ ಮೇದಾರರ ಹತ್ತಿರ ಕೇಳಿದರೆ ಬೇಕಾದ ಅಳತೆಗೆ ಸೀಳಿ ಕೊಡ್ತಾರೆ. ಹಸಿ ಬಿದಿರಿನಲ್ಲಿ ಪಿಷ್ಟದ ಅಂಶವಿರುವುದರಿಂದ ಕೊರೆಯುವ ಹುಳಕ್ಕೆ ಅದೇ ಊಟ. ಎರಡು ಮೂರು ವಾರ ನೀರಲ್ಲಿ ಮುಳುಗಿಸಿಟ್ಟು, ನೆರಳಲ್ಲಿ ಒಣಗಿಸಿದರೆ ಹುಳದ ಕಾಟ ಕಡಿಮೆ. ನೀರು ನಾರುತ್ತದೆ, ಆಗಾಗ ಬದಲಿಸಬೇಕು.

ಇನ್ನು ರಟ್ಟಿನ ಕಟ್ಟು. 4×6 ಇಂಚಿನ ಫೋಟೋಕ್ಕೆ ಲೆಕ್ಕ ಹೇಳ್ತೇನೆ. ಸೀರೆ ಪೆಟ್ಟಿಗೆಯದೋ, ಹಳೇ ನೋಟ್‌ಬುಕ್ಕಿನದೋ ದಪ್ಪ ರಟ್ಟಿನಲ್ಲಿ 7×9 ಇಂಚಿನ ಎರಡು ತುಂಡು ಕತ್ತರಿಸಿ. ಒಂದರ ನಡುವೆ, ನಾಲ್ಕೂ ಕಡೆ 1¾ ಇಂಚು ಬಿಟ್ಟು ಕಿಟಕಿ ತೆಗೆಯಿರಿ. ಕಿಟಕಿ 3½×5½ ಆಗ್ತದೆ, ಫೋಟೋದ ಅಂಚು ಎಲ್ಲ ಕಡೆ ಕಾಲು ಇಂಚು ಒಳಗೆ ಅಡಗುತ್ತದೆ. ಕತ್ತರಿ ಬೇಡ, ಕಬ್ಬಿಣದ ಪಟ್ಟಿ ಒತ್ತಿಹಿಡಿದು ಬ್ಲೇಡಿನಿಂದ ನಾಲ್ಕಾರು ಸಲ ಗೀರಿ. ಎರಡು ರಟ್ಟುಗಳ ನಡುವೆ ಎಡಕ್ಕೆ, ಬಲಕ್ಕೆ, ಕೆಳಗೆ ಮಾತ್ರ ರಟ್ಟಿನ ಪಟ್ಟಿ ಅಂಟಿಸಿ. ಕೆಳಗಿನ ಪಟ್ಟಿ 1½ ಇಂಚು ಅಗಲ, ಪಕ್ಕದವು ಅದಕ್ಕಿಂತ ಒಂದು ನೂಲು ಕಮ್ಮಿ. ಮೇಲ್ಬದಿ ತೆರೆದೇ ಇರಲಿ, ಅಲ್ಲಿಂದ ಫೋಟೋ ಜಾರಿಸಬೇಕು. ಬೇಸರವಾದಾಗ ಬೇರೆ ಫೋಟೋ ಹಾಕಲಿಕ್ಕೂ ಸುಲಭ.

ಅಂಟಿಗೆ ಎರಡು ಚಮಚ ಮೈದಾವನ್ನು ಒಂದು ಬಟ್ಟಲು ನೀರಲ್ಲಿ ಗಂಟಿಲ್ಲದಂತೆ ಕದಡಿ, ಗಂಜಿಯ ಹದಕ್ಕೆ ಕುದಿಸಿದರೆ ಸಾಕು. ಹುಳ ಹಿಡಿಯಬಾರದೆಂದು ಪುಸ್ತಕ ಕಟ್ಟುವವರು ಇದಕ್ಕೆ ಚಿಟಿಕೆ ಮೈಲುತುತ್ತ ಹಾಕ್ತಿದ್ದರು. ಅದು ವಿಷ, ಚಿಕ್ಕ ಮಕ್ಕಳಿರುವ ಮನೆಯಲ್ಲಿ ಅದರ ಗೊಡವೆಯೇ ಬೇಡ, ಫೆವಿಕಾಲ್ ತನ್ನಿ. ಅಂಟಿಸಿದ್ದನ್ನು ರುಬ್ಬುವ ಕಲ್ಲಿನ ಭಾರ ಹೇರಿ ರಾತ್ರಿಯಿಡೀ ಬಿಡಿ. ಬಣ್ಣದ ಕಾಗದ ಹಚ್ಚುವುದಾದರೆ ಹಿಂದೂ ಮುಂದೂ ಎರಡೂ ಕಡೆ ಹಚ್ಚಿ. ಒಂದೇ ಕಡೆ ಹಚ್ಚಿದರೆ ಒಣಗುವಾಗ ರಟ್ಟು ಹಪ್ಪಳದ ಹಾಗೆ ಸೊಟ್ಟಗಾಗ್ತದೆ.

ಇಷ್ಟೆಲ್ಲ ಹೇಳಿ ಗಾಜಿನ ಮಾತೇ ಎತ್ತಲಿಲ್ಲವಲ್ಲ ಎನ್ನುವಿರಿ. ಬೇಕೆಂದೇ ಎತ್ತಲಿಲ್ಲ. ನಮ್ಮ ಪಕ್ಕದ ಮನೆಯಾಕೆಗೆ ತಾಯಿಯ ನೆನಪಿಗೆ ಉಳಿದದ್ದು ಒಂದೇ ಫೋಟೋ. ಗಾಜಿಗೆ ತಾಗಿದ ಹಾಗೆ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗಿದ್ದರು. ನಮ್ಮ ಕಡೆಯ ಮಳೆ ನಿಮಗೆ ಗೊತ್ತಲ್ಲ, ಗೋಡೆ ಬೆವರುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಫೋಟೋ ಗಾಜಿಗೆ ಅಂಟಿತು. ಮನೆ ಬದಲಿಸುವಾಗ ಬಿಡಿಸಹೋದರೆ ಹಣೆ, ಕಣ್ಣು ಗಾಜಿನಲ್ಲೇ ಉಳಿದು ಬರೀ ಸೀರೆಯ ಸೆರಗು ಕೈಗೆ ಬಂತು. ಆಕೆ ಆ ಗಾಜನ್ನು ಇನ್ನೂ ಎಸೆದಿಲ್ಲ.

ಹಳೇ ಫೋಟೋದ ಮೇಲ್ಪದರ ತಂಡಿಗೆ ಮೆತ್ತಗಾಗಿ ಗಾಜನ್ನು ಹಿಡಿಯುತ್ತದೆ. ಅದಕ್ಕೇ ಗಾಜು ಹಾಕುವುದೇ ಆದರೆ ನಡುವೆ ರಟ್ಟಿನ ಅಂಚು ಬೇಕು, ಅದು ಬರೀ ಶೋಕಿಗಲ್ಲ. ನಿಮ್ಮ ಮನೆಯಲ್ಲಿ ಈಗಾಗಲೇ ಅಂಟಿದ ಫೋಟೋ ಇದ್ದರೆ ದಯವಿಟ್ಟು ಎಳೆಯಬೇಡಿ. ಗಾಜಿನ ಮೇಲಿಂದಲೇ, ಬೆಳಕು ಹೊಳೆಯದ ಓರೆಯಲ್ಲಿ, ಮೊಬೈಲಿನಿಂದ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ. ಗೋಡೆಗೆ ಪ್ರತಿಯನ್ನಷ್ಟೇ ಹಾಕಿ, ಮೂಲ ಪೆಟ್ಟಿಗೆಯಲ್ಲಿರಲಿ. ಕಟ್ಟಿನ ಬೆನ್ನಿಗೆ ಹರಿದ ಹವಾಯಿ ಚಪ್ಪಲಿಯ ನಾಲ್ಕು ರಬ್ಬರು ಚೂರು ಅಂಟಿಸಿದರೆ ಗೋಡೆಗೂ ಅದಕ್ಕೂ ನಡುವೆ ಗಾಳಿಯಾಡ್ತದೆ. ಆಷಾಢ ಶ್ರಾವಣದಲ್ಲಿ ಒದ್ದೆ ಗೋಡೆಯಿಂದ ಇಳಿಸಿಬಿಡುವುದೇ ಕ್ಷೇಮ.

ರಟ್ಟಿಗೆ ಕಾಗದವೇ ಯಾಕೆ, ಬಟ್ಟೆ ಹೊದಿಸಿ ನೋಡಿ. ನಮ್ಮ ಮುಂಡಗೋಡ, ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿ ನೋಡಿದ್ದೀರಾ? ಹಳೇ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಹಿಡಿದು ನಡುವಿನತ್ತ ಹೊಲಿಯುತ್ತ ಹೋಗ್ತಾರೆ. ಮೂಲೆಗಳಲ್ಲಿ ಮಡಚಿದ ಮುಕ್ಕೋನದ ಬಟ್ಟೆಯನ್ನು ಪದರ ಪದರವಾಗಿ ಇಡ್ತಾರೆ, ಅದಕ್ಕೆ ಅವರು ‘ಫೂಲ’ ಅನ್ನುತ್ತಾರೆ. ಅಂದರೆ ಹೂವು. ಹೂವಿಲ್ಲದ ಕೌದಿ ಅವರ ಕಣ್ಣಿಗೆ ಪೂರ್ತಿಯಾದದ್ದೇ ಅಲ್ಲ. ಅದೇ ಹೂವನ್ನು ಕಟ್ಟಿನ ನಾಲ್ಕು ಮೂಲೆಗೆ ಇಟ್ಟರೆ, ಮೂಲೆಯ ಜೋಡಣೆಯ ಒರಟೂ ಮುಚ್ಚಿಹೋಗ್ತದೆ, ಅಂದವೂ ಬರ್ತದೆ. ಮಕ್ಕಳ ಚಿಕ್ಕಂದಿನ ಅಂಗಿಯ ತುಂಡಾದರಂತೂ ಕೇಳುವುದೇ ಬೇಡ.

ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಟಿಬೆಟಿನವರ ಪದ್ಧತಿ. 1966ರಿಂದ ಮುಂಡಗೋಡದ ಪಕ್ಕದಲ್ಲಿ ಅವರ ವಸತಿ ಇದೆ. ಅಲ್ಲಿಯ ಮಠಗಳಿಗೆ ಹೋದವರು ಥಾಂಕಾ ಚಿತ್ರ ನೋಡಿಯೇ ಇರ್ತೀರಿ. ಬಟ್ಟೆಯ ಮೇಲೆ ಬುದ್ಧನ ಚಿತ್ರ, ಸುತ್ತ ಮರದ ಕಟ್ಟಿಲ್ಲ, ರೇಶ್ಮೆಯ ಅಂಚು. ಮೇಲೊಂದು ಕೋಲು, ಕೆಳಗೊಂದು ಕೋಲು. ಬೇಡವಾದಾಗ ಚಾಪೆಯ ಹಾಗೆ ಸುತ್ತಿ ಎತ್ತಿಕೊಂಡು ಹೋಗಬಹುದು. ಊರೂರು ತಿರುಗುವವರಿಗೆ ಇದಕ್ಕಿಂತ ಒಳ್ಳೆಯ ಕಟ್ಟು ಉಂಟೇ? ವರ್ಗವಾದಾಗಲೆಲ್ಲ ಲಾರಿಯಲ್ಲಿ ಗಾಜು ಒಡೆದುಕೊಂಡ ನಮ್ಮಂಥವರು ನೋಡಿ ಕಲಿಯುವಂಥದ್ದು.

ಅಮ್ಮನ ಹಳೇ ಇಳಕಲ್ ಸೀರೆ ಮಡಿಕೆಯಲ್ಲಿ ಹರಿದಿರಬಹುದು, ತೋಪ ತೆನಿ ಸೆರಗು ಇನ್ನೂ ಗಟ್ಟಿ ಇರ್ತದೆ. ಗವಂತಿ, ಮುರಗಿ, ನೇಯ್ಗಿ, ಮೆಂತಿ ಹೊಲಿಗೆಯ ಕಸೂತಿ ಇದ್ದರೆ ಇನ್ನೂ ಒಳ್ಳೆಯದು. ಆ ಭಾಗವನ್ನು ಒಂದು ಅಡಿ ಅಗಲ, ಒಂದೂವರೆ ಅಡಿ ಉದ್ದಕ್ಕೆ ಕತ್ತರಿಸಿ. ಒಗೆದು ಮೆತ್ತಗಾದ ಕೋರಾ ಬಟ್ಟೆಯ ಮೇಲಿಟ್ಟು ಸಣ್ಣ ಟಾಕಿ ಹಾಕಿ. ಅಂಟು ಮಾತ್ರ ಮುಟ್ಟಿಸಬೇಡಿ, ವರ್ಷ ಕಳೆದ ಹಾಗೆ ಕಲೆಯಾಗಿ ಮೇಲೆ ಬರ್ತದೆ. ಸುತ್ತ ಮೂರು ಇಂಚಿನ ಬೇರೆ ಬಣ್ಣದ ಅಂಚು ಹೊಲಿದು, ಮೇಲೆ ಕೆಳಗೆ ಕೊಳವೆಯ ಹಾಗೆ ಮಡಚಿ ಬಿದಿರು ಕಡ್ಡಿ ತೂರಿಸಿ. ಒಂದು ದಾರ, ಒಂದು ಕೊಕ್ಕೆ, ಅಷ್ಟೇ. ನೇರ ಬಿಸಿಲು ಬೀಳುವ ಕಡೆ ತೂಗಬೇಡಿ, ಬಣ್ಣ ಹಾರುತ್ತದೆ.

ಮನೆ ಬಿಡುವಾಗ ಚಿತ್ರ ಹೊರಗಿರುವ ಹಾಗೆ ಸುತ್ತಿ. ಒಳಗೆ ಮಾಡಿ ಸುತ್ತಿದರೆ ಕಸೂತಿಯ ಎಳೆ ನುಗ್ಗಾಗ್ತದೆ. ಹಿಂಬದಿಯ ಕೋರಾ ಬಟ್ಟೆಯ ಮೇಲೆ ಸೀರೆ ಯಾರದು, ಕಸೂತಿ ಯಾರ ಕೈಯದು, ಯಾವ ವರ್ಷದ್ದು ಎಂದು ಬರೆದಿಡಿ. ಪೆನ್ನು ಬೇಡ, ಮಳೆಗಾಲದ ತಂಡಿಗೆ ಶಾಯಿ ಹಬ್ಬಿ ಮುಂದಕ್ಕೆ ಮೂಡುತ್ತದೆ. ಪೆನ್ಸಿಲ್ಲೇ ಸರಿ.